ಹೆಂಗಸರ ಕಡೆಯ ಸ್ಪೀಕರ್

ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ, ಈ ಕರ್ಸರ್‌ಗೆ ಬೇರೆ ಕಸುಬೇ ಇಲ್ಲವೋ ಏನೋ, ಲ್ಯಾಪ್‌ಟಾಪಿನ ಕಪ್ಪು ಸ್ಕ್ರೀನಿನಲ್ಲಿ ಒಂದು ಖಾಲಿ ಸಾಲು ಹಿಡಿದು ಕೂತು ನನಗೆ ಕಣ್ಣು ಹೊಡೆಯುತ್ತಿದೆ, ಗೋಡೆಗೆ ನೇತುಹಾಕಿದ ಸ್ಪೀಕರ್‌ಗಳಲ್ಲಿ ಮಾತ್ರ ಉಸಿರಿಲ್ಲ, ಒಂದು ಗೊರ್ ಎನ್ನುವ ಸದ್ದೂ ಇಲ್ಲ, ಹಾಲ್ ತುಂಬ ಬಿಳಿ ಅಂಗಿಗಳು, ಅತ್ತರು, ಹಿಂದಿನಿಂದ ತೇಲಿ ಬರುವ ಬಿರಿಯಾನಿಯ ವಾಸನೆ, ಎಲ್ಲರ ಮುಖ ನನ್ನ ಕಡೆ, ಯಾ ಅಲ್ಲಾಹ್, ಇಷ್ಟು ಜನ ನನ್ನನ್ನು ನೋಡಿದ್ದು ನನ್ನ ಮದುವೆಯ ದಿನವೂ ಇಲ್ಲ. ವೇದಿಕೆಯ ಮೇಲೆ ಮಸೀದಿಯ ಖತೀಬ್ ಉಸ್ತಾದ್, ಅವರ ಎದುರು ಮದುಮಗ ಶಫೀಕ್, ತಲೆ ತಗ್ಗಿಸಿ, ಬೆವರು ಒರೆಸಿಕೊಳ್ಳುತ್ತಾ, ಅವನ ಪಕ್ಕ ನನ್ನ ದೊಡ್ಡಪ್ಪ ಅಬ್ದುಲ್ ರಹ್ಮಾನ್ ಕಾಕ, ಬಾಪನ ಅಣ್ಣ, ಕೈಯೆತ್ತಿ ಬೆರಳು ತಿರುಗಿಸಿ ಕೇಳುತ್ತಿದ್ದಾರೆ, ಎಂತ ಆಯ್ತು ಆಶಿಕ್, ಬರ್ತದಾ ಇಲ್ವಾ? ಬರ್ತದೆ ಕಾಕ, ಒಂದು ನಿಮಿಷ. ಏನು ಬರುತ್ತದೋ ನನಗೇ ಗೊತ್ತಿಲ್ಲ. ಒಮ್ಮೆ ಕಮಾಂಡ್ ಕೊಟ್ಟೆ, ಸದ್ದು ಬರಲಿಲ್ಲ, ಹ್ಯಾಂಗ್ ಆಯಿತೆಂದು ಅರ್ಧದಲ್ಲೇ ಕಡಿದೆ, ಈಗ ಎರಡನೇ ಸಲ ಅದನ್ನೇ ಕೊಟ್ಟಿದ್ದೇನೆ, ಅದೇ ಸರ್ವರ್ ವಿಳಾಸ, ಅದೇ ಫೈಲ್ ಹೆಸರು, ಎಂಟರ್ ಒತ್ತಿದ ಬೆರಳು ಇನ್ನೂ ಎಂಟರ್ ಮೇಲೆಯೇ ಇದೆ, ಸರ್ವರ್ ಎಂದರೆ ಏನು, ಹಾಲಿನ ಮಾಡಿನ ಕೆಳಗೆ ಒಂದು ಡಬ್ಬಿಯೊಳಗೆ ಕೂತ ಅಂಗೈಯಷ್ಟು ಕಂಪ್ಯೂಟರ್, ಈ ಕಟ್ಟಡದ ಸ್ಪೀಕರ್‌ಗಳೆಲ್ಲ ಅದರ ಕೈಯಲ್ಲಿ, ನಾನು ಇಲ್ಲಿಂದ ಸ್ವರ ಕಳಿಸಬೇಕು, ಅದು ಹಾಡಬೇಕು, ಅಷ್ಟೇ. ಅಷ್ಟೇ ಎಂದು ಹೇಳಿಯೇ ನಾನು ಈ ಮೇಜಿನ ಮುಂದೆ ಕೂತದ್ದು.

ಸೌಂಡ್ ಮಿಕ್ಸರ್‌ನವನು ಬೇಡ, ನಾನೇ ನೋಡಿಕೊಳ್ತೇನೆ, ತಂಗಿ ನಜ್ಲಾಳ ನಿಕಾಹ್‌ಗೆ ಹೊರಗಿನವನು ಯಾಕೆ, ಹೀಗೆ ಎಲ್ಲರೆದುರು ಎದೆ ತಟ್ಟಿಕೊಂಡದ್ದು ಯಾರು, ನಾನೇ, ಪಡೀಲಿನಲ್ಲಿ ದೀಪೇಶನ ಜೊತೆ ಸೌಂಡ್ ಸರ್ವಿಸ್ ನಡೆಸುತ್ತೇನೆ ಎಂಬ ಕೊಬ್ಬು, ನಡೆಸುವವನು ದೀಪೇಶ, ವಯರು ಎಳೆಯುವವನು ನಾನು, ಈ ಕಮಾಂಡ್‌ಗಳೆಲ್ಲ ಅವನ ತಲೆಯಿಂದ ನನ್ನ ತಲೆಗೆ ಅರ್ಧಂಬರ್ಧ ಸೋರಿದ್ದು, ಅಲ್ಪವಿದ್ಯಾ ಮಹಾಗರ್ವಿ ಎಂದು ಶಾಲೆಯಲ್ಲಿ ಬರೆಸಿದ್ದರಲ್ಲ, ಬರೆದವನಿಗೆ ತಾಗಲಿಲ್ಲ. ಕಾವೂರಿನ ಈ ಹಾಲಿಗೆ ಸಿಸ್ಟಮ್ ಕೂರಿಸಿದ್ದೂ ಅವನೇ, ಗಂಡಸರ ಹಾಲ್ ಒಂದು, ಹೆಂಗಸರ ಹಾಲ್ ಒಂದು, ನಡುವೆ ಮರದ ಚೌಕಟ್ಟಿಗೆ ಕಟ್ಟಿದ ಹಸಿರು ಪರದೆ, ನನ್ನ ಮೇಜು ಸರಿಯಾಗಿ ಆ ಪರದೆಗೆ ಒತ್ತಿಕೊಂಡು, ಕಾಲು ಚಾಚಿದರೆ ಆ ಕಡೆ ಹೋಗುತ್ತದೆ, ಕಾಲು ಚಾಚಬಾರದು. ಬಾಪ ಇದ್ದಿದ್ದರೆ ಇದೊಂದೂ ಬೇಕಿರಲಿಲ್ಲ. ಮಗಳ ಕೈ ಹಿಡಿಸಿಕೊಡುವ ಹಕ್ಕು ಬಾಪನದ್ದು, ಊರವರ ಅಯ್ಯೂಬಾಕ, ನನ್ನ ಬಾಪ, ಇಲ್ಲಿ ಶಫೀಕನ ಎದುರು ಕೂತು ಕೈ ಕೊಡಬೇಕಿತ್ತು, ಶಾರ್ಜಾದ ಕೆಫೆಟೇರಿಯಾದಲ್ಲಿ ಕೂತು ಅಣ್ಣನಿಗೆ ವಕಾಲತ್ ಕೊಟ್ಟರು, ನನ್ನ ಪರವಾಗಿ ನೀನೇ ನಡೆಸಿಕೊಡು ಎಂದು, ಉಸ್ತಾದರ ಹತ್ತಿರ ಫೋನಿನಲ್ಲಿ ಮೊದಲೇ ಮಾತಾಡಿಯಾಗಿದೆ, ಶಾಸ್ತ್ರಕ್ಕೆ ಅಷ್ಟು ಸಾಕು ಎಂದರು ಉಸ್ತಾದ್. ಬಾಪನಿಗೆ ಸಾಕಾಗಲಿಲ್ಲ. ಆಶಿಕ್, ನನ್ನ ಸ್ವರ ಹಾಲಿನಲ್ಲಿ ಕೇಳ್ಬೇಕು ಮಗನೇ, ನಜ್ಲಾಳ ನಿಕಾಹ್‌ಗೆ ಬಾಪ ಇರ್ಲಿಲ್ಲ ಅಂತ ಯಾರೂ ಹೇಳ್ಬಾರ್ದು, ಫೋನ್ ಲೈನ್ ಕಡಿದು ಕಡಿದು ಹೋಗ್ತದೆ, ರೆಕಾರ್ಡ್ ಮಾಡಿ ಕಳಿಸ್ತೇನೆ, ನೀನು ಹಾಕು. ಹಾಕ್ತೇನೆ ಬಾಪ. ಹಾಕಿದ್ದೇನೆ ಬಾಪ, ಎರಡು ಸಲ ಹಾಕಿದೆ, ನಿಮ್ಮ ಸ್ವರ ಎಲ್ಲಿ ಹೋಯಿತೋ ಗೊತ್ತಿಲ್ಲ.

ತಲೆಯ ಮೇಲೆ ವಿಮಾನ, ಬಜ್ಪೆಗೆ ಇಳಿಯುವುದು, ಇಷ್ಟು ಕೆಳಗೆ ಹೋಗುತ್ತದೆ ಎಂದರೆ ಕಿಟಕಿಯ ಗಾಜು ನಡುಗುತ್ತದೆ, ಸ್ಪೀಕರಿನಿಂದ ಏನಾದರೂ ಕೇಳಿಬರುತ್ತದಾ ಎಂದು ಕಿವಿಗೊಟ್ಟಿದ್ದೆ, ಅದೂ ಹೋಯಿತು, ಸದ್ದು ನಿಲ್ಲುವ ತನಕ ಉಸ್ತಾದರೂ ಸುಮ್ಮನೆ ಕಣ್ಣುಮುಚ್ಚಿ ಕೂತರು. ಇಂಥ ವಿಮಾನ ಬಂದಾಗಲೆಲ್ಲ ಉಮ್ಮ ಅಂಗಳಕ್ಕೆ ಹೋಗಿ ಮೇಲೆ ನೋಡುತ್ತಿದ್ದರು, ಈಗ ನೋಡುವುದಿಲ್ಲ, ಬಾಪ ಬರುವುದಿಲ್ಲ ಎಂದ ದಿನದಿಂದ ಉಮ್ಮ ಅವರ ಫೋನೇ ಎತ್ತುವುದಿಲ್ಲ. ಮಗಳ ನಿಕಾಹ್‌ಗೆ ರಜೆ ಸಿಗದ ಕೆಲಸ ಎಂತ ಕೆಲಸ, ಅವರು ಅಲ್ಲಿ ಚಾ ಸೋಸುವುದಲ್ವಾ, ಒಂದು ವಾರ ಬೇರೆಯವ ಸೋಸಿದ್ರೆ ಶಾರ್ಜಾ ಮುಳುಗ್ತದಾ? ನನ್ನ ಉಮ್ಮ ಆರಿಫಾ ಎಂದರೆ ಊರಿಗೆ ಗೊತ್ತು, ಸಿಟ್ಟು ಬಂದರೆ ಅಕ್ಕಿ ಬೇಯಿಸುವ ಪಾತ್ರೆಯೂ ಹೆದರುತ್ತದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೌದುಮ್ಮ ಹೌದುಮ್ಮ ಎನ್ನುತ್ತಿದ್ದೆ, ಬಾಯಲ್ಲಿ ಬಿಸಿ ತುಪ್ಪ, ಉಗುಳಲಿಕ್ಕೂ ಇಲ್ಲ ನುಂಗಲಿಕ್ಕೂ ಇಲ್ಲ. ಯಾಕೆಂದರೆ ನನಗೆ ಗೊತ್ತು, ನನಗೊಬ್ಬನಿಗೇ ಗೊತ್ತು, ಬಾಪ ಇನ್ನೊಂದು ವಾಯ್ಸ್ ಮೆಸೇಜು ಕಳಿಸಿದ್ದಾರೆ, ಕೆಫೆಟೇರಿಯಾದಿಂದ ಅಲ್ಲ, ಆಸ್ಪತ್ರೆಯ ಮಂಚದಿಂದ, ಹಿಂದೆ ಯಂತ್ರವೊಂದು ಕುಯ್ ಕುಯ್ ಅನ್ನುವುದು ಕೇಳುತ್ತದೆ. ಆಶಿಕ್, ನಿನಗೊಬ್ಬನಿಗೆ ಹೇಳ್ತೇನೆ, ಎರಡೂ ಕಿಡ್ನಿ ಕೆಲಸ ನಿಲ್ಲಿಸಿದೆ ಅಂತೆ, ವಾರದಲ್ಲಿ ಮೂರು ಸಲ ಮೆಷಿನ್ನಿಗೆ ಹಾಕ್ತಾರೆ, ಸದ್ಯ ವಿಮಾನ ಹತ್ತಬೇಡ ಅಂದಿದ್ದಾರೆ, ಉಮ್ಮನಿಗೆ ಗೊತ್ತಾಗ್ಬಾರ್ದು, ನಜ್ಲಾಳಿಗಂತೂ ಬೇಡವೇ ಬೇಡ, ಮದುವೆಯೇ ಬೇಡ ಅಂತ ಕೂತಾಳು ಅವಳು, ನಿಕಾಹ್ ಮುಗೀಲಿ, ಮತ್ತೆ ನಾನೇ ಹೇಳ್ತೇನೆ, ನಿನ್ನ ಉಮ್ಮ ಬಯ್ತಾಳೆ, ಬಯ್ಲಿ ಬಿಡು, ಅವಳ ಬಯ್ಗುಳ ಕೇಳಿದ್ರೆ ನನಗೆ ಊರಲ್ಲಿ ಇದ್ದ ಹಾಗೆ ಆಗ್ತದೆ. ಅದನ್ನು ಕೇಳಿ ನಾನು ಕಾವೂರು ಕೆರೆಯ ಬದಿಯಲ್ಲಿ ಬೈಕ್ ನಿಲ್ಲಿಸಿ ಅತ್ತೆ, ಹೆಲ್ಮೆಟ್ ತೆಗೆಯದೆ ಅತ್ತೆ, ಯಾರಿಗೂ ಕಾಣಬಾರದಲ್ಲ. ನಿಕಾಹ್ ಮುಗಿಯುವ ತನಕ ಉಮ್ಮನಿಗೆ ತಿಳಿಯಬಾರದು, ಇಷ್ಟನ್ನು ಮಾತ್ರ ಬಾಪ ನನ್ನಲ್ಲಿ ಕೇಳಿದ್ದು, ಇಡೀ ಜನ್ಮದಲ್ಲಿ ನನ್ನಲ್ಲಿ ಅವರು ಬೇರೇನೂ ಕೇಳಿಲ್ಲ.

ಓ, ಬಂತು, ಕರ್ಸರ್ ಕೆಳಗಿನ ಸಾಲಿಗೆ ಇಳಿಯಿತು, ಕಮಾಂಡ್ ಮುಗಿಯಿತು, ಆದರೆ ಸದ್ದು ಎಲ್ಲಿ, ಎರರ್ ಎಲ್ಲಿ, ಏನಾದರೂ ಒಂದು ಹೇಳಬೇಡವಾ ಈ ಹಾಳು ಯಂತ್ರ, ಆಯಿತು ಎಂದು ಹೇಳು, ಆಗಲಿಲ್ಲ ಎಂದು ಹೇಳು, ಬಯ್ದಾದರೂ ಹೇಳು. ಕಾಕ ಎದ್ದು ಬಂದರು, ಪಂಚೆ ಎತ್ತಿ ಕಟ್ಟಿಕೊಳ್ಳುತ್ತಾ, ಆಶಿಕ್, ಆಗದಿದ್ರೆ ಬಿಡು ಮಾರಾಯ, ಉಸ್ತಾದರಿಗೆ ಇನ್ನೊಂದು ನಿಕಾಹ್ ಉಂಟು ಬೈಕಂಪಾಡಿಯಲ್ಲಿ, ಅಯ್ಯೂಬನ ಸ್ವರ ಮತ್ತೆ ಕೇಳುವ. ಬಿಡಲಿಕ್ಕೆ ಆಗುವುದಿಲ್ಲ ಕಾಕ, ಬಾಪ ಕೇಳ್ತಾರೆ, ಹಾಕಿದಿಯಾ ಅಂತ ಮೊದಲು ಅದನ್ನೇ ಕೇಳ್ತಾರೆ. ಹಾಗಾದ್ರೆ ಬೇಗ ಮಾಡು. ಬೇಗ ಮಾಡು ಎನ್ನುವುದು ಸುಲಭ, ಕಾಕ ಹೋಗಿ ಕೂತರು, ನಾನು ಮೇಜಿನ ಕೆಳಗೆ ಬಗ್ಗಿದ ಹಾಗೆ ಮಾಡಿ ದೀಪೇಶನಿಗೆ ಫೋನ್ ಮಾಡಿದೆ, ಅವನ ಹಿಂದೆ ಚೆಂಡೆ, ಯಾವುದೋ ಉದ್ಘಾಟನೆಯ ಡ್ಯೂಟಿ, ಎಂತ ಮಾರಾಯ, ನಿಕಾಹ್ ಆಯ್ತಾ? ಆಗ್ಲಿಲ್ಲ, ಸೌಂಡೇ ಬರುವುದಿಲ್ಲ, ಮೊದಲ ಸಲ ಹ್ಯಾಂಗ್ ಆಯ್ತು ಅಂತ ನಡುವೆ ಕಡಿದೆ, ಎರಡನೇ ಸಲವೂ ಹಾಗೇ. ಎರರ್ ಬಂತಾ? ಎರರೂ ಬರ್ಲಿಲ್ಲ, ಅದೇ ನನಗೆ ತಲೆಕೆಟ್ಟಿದ್ದು. ಅಯ್ಯೋ ಎರರ್ ಬರ್ಲಿಲ್ಲಾಂದ್ರೆ ಹೋಗಿದೆ ಅಂತ ಲೆಕ್ಕ, ಅದು ನಿನ್ನ ಹಾಗೆ ಬಾಯಿಬಡುಕ ಅಲ್ಲ, ಕೆಲಸ ಆದ್ರೆ ಸುಮ್ನೆ ಇರ್ತದೆ, ಆಗದಿದ್ರೆ ಮಾತ್ರ ಮಾತಾಡುವುದು. ಹೋಗಿದೆ ಅಂದ್ರೆ ಎಲ್ಲಿಗೆ ಹೋಗಿದೆ ದೀಪೇಶ, ಇಲ್ಲಿ ಸೊಳ್ಳೆಯ ಸದ್ದೂ ಇಲ್ಲ. ನೀನು ಡಿವೈಸ್ ಹೆಸರು ಹಾಕಿದಿಯಾ? ಯಾವ ಡಿವೈಸ್? ಥೋ, ಇವನಿಗೆ ಎಷ್ಟು ಸಲ ಹೇಳುವುದು, ಗಂಡಸರ ಕಡೆಗಾ ಹೆಂಗಸರ ಕಡೆಗಾ ಅಂತ ನೀನು ಹೇಳದಿದ್ರೆ ಸರ್ವರ್ ಅದರ ಡಿಫಾಲ್ಟಿಗೆ ಹಾಕ್ತದೆ, ಬೆಳಿಗ್ಗೆ ಡಿಫಾಲ್ಟ್ ಎಂತಾದ್ರೂ ಬದಲಾಯಿಸಿದಿಯಾ?

ಬೆಳಿಗ್ಗೆ. ಬೆಳಿಗ್ಗೆ ಹನಾನ್ ಪರದೆ ಸರಿಸಿ ತಲೆ ಹಾಕಿದ್ದಳು, ನನ್ನ ಹೆಂಡತಿ, ಹೊಸ ಸೀರೆ, ಮುಡಿ ತುಂಬ ಮಲ್ಲಿಗೆ, ರೀ, ನಮ್ಮ ಕಡೆ ಸ್ಪೀಕರ್ ಸತ್ತಿದೆ, ಹಾಡು ಬೇಕಂತೆ ಇವರಿಗೆ, ನಾನು ಹೆಂಡತಿಯ ಎದುರು ದೊಡ್ಡ ಜನ ಆಗಿ ಟಕಟಕ ಒಂದು ಕಮಾಂಡ್ ಹೊಡೆದು ಡಿಫಾಲ್ಟನ್ನು ಆ ಕಡೆಗೆ ತಿರುಗಿಸಿದೆ, ಆ ಕಡೆಯಿಂದ ಹೋ ಎಂದು ಚಪ್ಪಾಳೆ ಬಂತು, ಹನಾನ್ ನಕ್ಕಳು, ನಾನು ತಿರುಗಿ ಹಾಕಲಿಲ್ಲ, ಮರೆತೆ, ಮಲ್ಲಿಗೆಯ ಪರಿಮಳಕ್ಕೆ ಮರೆತೆನೋ ಕೊಬ್ಬಿಗೆ ಮರೆತೆನೋ, ಅಂತೂ ಮರೆತೆ. ಹಾಗಾದರೆ ಎರಡು ಸಲವೂ ಬಾಪನ ಸ್ವರ ಹೆಂಗಸರ ಕಡೆ ಹೋಗಿದೆ, ಆ ಕಡೆಯ ಸ್ಪೀಕರ್ ಇರುವುದು ಆಚೆ ತುದಿಯಲ್ಲಿ, ಇಲ್ಲಿ ಫ್ಯಾನುಗಳು, ಜನರ ಗುಜುಗುಜು, ನನಗೆ ಕೇಳದ್ದು ಅದಕ್ಕೇ. ಅಷ್ಟೇನಾ! ನಗು ಬಂತು ನನಗೆ, ಹೊಟ್ಟೆಯಿಂದ ಬಂತು, ಒಳ್ಳೆಯದೇ ಆಯಿತಲ್ಲ, ಉಮ್ಮ ಕೇಳಲಿ, ಫೋನ್ ಎತ್ತದ ಹೆಂಗಸಿಗೆ ಗೋಡೆಯಿಂದಲೇ ಸ್ವರ ಬಂತು, ಈಗ ಎಲ್ಲಿ ಓಡುತ್ತಾರೆ ನೋಡುವ, ನಜ್ಲಾಳೂ ಕೇಳಲಿ, ನನ್ನ ಮಗಳನ್ನು ಕೊಡಲು ನನ್ನ ಅಣ್ಣನಿಗೆ ವಕಾಲತ್ ಕೊಟ್ಟಿದ್ದೇನೆ ಎಂದು, ಅವಳಿಗೂ ಖುಷಿಯೇ. ದೀಪೇಶ ಕೇಳಿದ, ಫೈಲ್ ಉದ್ದ ಉಂಟಾ? ಇಲ್ಲ ಮಾರಾಯ, ಸಣ್ಣದು, ಸಲಾಂ ಹೇಳಿ ನಾಲ್ಕು ಮಾತು. ಹಾಗಾದ್ರೆ ಹ್ಯಾಂಗ್ ಆಯ್ತು ಅಂತ ನಿನಗೆ ಯಾಕೆ ಕಂಡದ್ದು? ಕರ್ಸರ್ ಕೆಳಗೆ ಬರಲೇ ಇಲ್ಲ, ಒಂದು ಲೋಟ ಚಾ ಕುಡಿದು ಮುಗಿಸುವಷ್ಟು ಹೊತ್ತು. ಅದು ಹ್ಯಾಂಗ್ ಅಲ್ಲ, ಹಾಡಿ ಮುಗಿಯುವ ತನಕ ಕರ್ಸರ್ ಬರುವುದಿಲ್ಲ, ಸಣ್ಣ ಫೈಲಾದ್ರೆ ಸಣ್ಣ ಹೊತ್ತು, ಅಷ್ಟು ಹೊತ್ತು ಹಿಡಿದದ್ದಾದ್ರೆ ಅದು ಸಣ್ಣದಲ್ಲ, ನೀನು ಬೇರೆ ಎಂತದೋ ಹಾಕಿದ್ದೀ. ಚೆಂಡೆ ಜೋರಾಯಿತು, ದೀಪೇಶನ ಸ್ವರ ಅದರೊಳಗೆ ಹೋಯಿತು, ಕಿವಿಯಲ್ಲಿ ಫೋನ್ ಹಾಗೇ ಉಳಿಯಿತು.

ಬೇರೆ ಎಂತದೋ. ಇಲ್ಲ, ಇಲ್ಲ, ನಿಲ್ಲು, ಗಡಿಬಿಡಿ ಬೇಡ, ಒಂದೊಂದಾಗಿ ನೋಡುವ. ಎರಡು ಮೆಸೇಜು ಇತ್ತು, ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿ ದೀಪೇಶ ಹೇಳಿಕೊಟ್ಟ ಹಾಗೆ ಬದಲಾಯಿಸಿದೆ, ಅದು ತಾನಾಗಿ ಹೆಸರು ಕೊಟ್ಟಿತು, ಬಾಪ ಒಂದು, ಬಾಪ ಎರಡು, ಬಂದ ಸಾಲಿನಲ್ಲಿ. ಆಸ್ಪತ್ರೆಯದ್ದನ್ನು ಯಾಕೆ ಇಟ್ಟುಕೊಂಡೆ, ಅಳಿಸಬಹುದಿತ್ತು, ಅಳಿಸಲಿಕ್ಕೆ ಮನಸ್ಸು ಬರಲಿಲ್ಲ, ಬಾಪನ ಸ್ವರ ಅದು, ನಾಳೆ ಏನಾಗುತ್ತದೋ ಯಾರಿಗೆ ಗೊತ್ತು, ಹಾಗೆ ಇಟ್ಟುಕೊಂಡೆ. ಮೊದಲು ಬಂದದ್ದು ವಕಾಲತಿನದ್ದು, ನನಗೆ ನೆನಪಿದೆ, ಸರಿಯಾಗಿ ನೆನಪಿದೆ, ಆದ್ದರಿಂದ ಬಾಪ ಒಂದು ಎಂದರೆ ವಕಾಲತ್, ಅದನ್ನೇ ಹಾಕಿದೆ, ಹಾಗಾದರೆ ಸರಿಯೇ ಇದೆ, ಹಾಗಾದರೆ ಯಾಕೆ ಅಷ್ಟು ಹೊತ್ತು. ನಿಲ್ಲು. ಮೊದಲು ಬಂದ ವಕಾಲತನ್ನು ಬಾಪ ಅಳಿಸಿದರಲ್ಲ, ನಡುವೆ ಕೆಮ್ಮು ಬಂತು, ಚಂದ ಆಗಲಿಲ್ಲ, ಮತ್ತೆ ಹೇಳಿ ಕಳಿಸ್ತೇನೆ ಎಂದು, ಅದನ್ನು ಅಳಿಸಿದರು, ಆಮೇಲೆ ಆಸ್ಪತ್ರೆಯದ್ದು ಬಂತು, ಅದರ ಮೇಲೆ ವಕಾಲತ್ ಹೊಸದಾಗಿ ಬಂತು, ಅಂದರೆ ಉಳಿದದ್ದರಲ್ಲಿ ಮೊದಲನೆಯದು, ಉಳಿದದ್ದರಲ್ಲಿ ಮೊದಲನೆಯದು ಯಾವುದು, ಫೈಲ್‌ಗಳ ಗಾತ್ರ ತೋರಿಸು ಎಂದು ಕೊಟ್ಟೆ, ತೋರಿಸಿತು, ಬಾಪ ಎರಡು ಸಣ್ಣದು, ಬಾಪ ಒಂದು ದೊಡ್ಡದು, ತುಂಬ ದೊಡ್ಡದು. ಒಂದು ಸಲ ಅಲ್ಲ, ಎರಡು ಸಲ, ಒಮ್ಮೆ ಅರ್ಧ, ಒಮ್ಮೆ ಪೂರ್ತಿ, ಕೇಳದವರಿಗೂ ಕೇಳಲಿ ಎಂದು ಎರಡೆರಡು ಸಲ ಹಾಕಿದ್ದೇನೆ, ಎರಡೂ ಕಿಡ್ನಿ, ಮೆಷಿನ್ನು, ಉಮ್ಮನಿಗೆ ಗೊತ್ತಾಗಬಾರದು, ಇದನ್ನು ಉಮ್ಮನ ತಲೆಯ ಮೇಲಿನ ಸ್ಪೀಕರಿನಿಂದ ಉಮ್ಮನಿಗೇ ಹೇಳಿಸಿದ್ದೇನೆ.

ಈಗ ತಿಳಿಯಿತು, ಏನು ಕೇಳುತ್ತಿಲ್ಲ ಎಂದು. ಪರದೆಯ ಆಚೆ ಹಾಡಿಲ್ಲ. ಬೆಳಿಗ್ಗೆಯಿಂದ ಒಪ್ಪನೆ ಎಂಬ ಮದುವೆಯ ಹಾಡು, ಕೈತಾಳ, ಬಳೆ ಸದ್ದು, ಮಕ್ಕಳ ಅಳು, ಪಾತ್ರೆ, ನಗು, ಸಾಕಪ್ಪಾ ಸಾಕು ಎನ್ನುವಷ್ಟು ಗಲಾಟೆ ಇತ್ತಲ್ಲ, ಒಂದೂ ಇಲ್ಲ, ಮದುವೆಯ ದಿನ ಇಷ್ಟು ಹೆಂಗಸರು ಒಟ್ಟಿಗೆ ಸುಮ್ಮನೆ ಇರುವುದು ಎಂದರೆ ಏನು, ಸಾವಿನ ಮನೆಯಲ್ಲೂ ಹೀಗೆ ಇರುವುದಿಲ್ಲ. ಹನಾನ್‌ಗೆ ಮೆಸೇಜು ಹಾಕಿದೆ, ಅಲ್ಲಿ ಸ್ಪೀಕರಿನಲ್ಲಿ ಎಂತಾದರೂ ಬಂತಾ, ಹಾಕಿದ ಕೂಡಲೇ ಎರಡು ನೀಲಿ ಗೀಟು, ನೋಡಿದಳು, ಉತ್ತರ ಇಲ್ಲ, ಹನಾನ್, ಉಮ್ಮ ಎಲ್ಲಿದ್ದಾರೆ, ನೀಲಿ ಗೀಟು, ಉತ್ತರ ಇಲ್ಲ, ನಜ್ಲಾ ಕೇಳಿದಳಾ, ನೀಲಿ ಗೀಟು. ಬರೀ ನೋಡುವುದು ಯಾಕೆ, ಒಂದು ಅಕ್ಷರ ಬರೆಯಬಾರದಾ, ಬರೆಯದಿರುವುದೇ ಉತ್ತರವಾ, ಹೋಗಿದೆ ಎಂದು ಲೆಕ್ಕವಾ. ಪರದೆ ಸರಿಸಿ ಹೋಗಿಬಿಡಲಾ, ಇಷ್ಟು ಜನರೆದುರು, ಅಣ್ಣ ಹೆಂಗಸರ ಕಡೆ ಓಡಿದ ಎಂದರೆ ನಿಕಾಹ್ ನಿಂತಿತೆಂದೇ ಅರ್ಥ, ಶಫೀಕನ ಮನೆಯವರು ಎದ್ದು ನಿಲ್ಲುತ್ತಾರೆ, ಕಾಕನಿಗೆ ಏನು ಹೇಳಲಿ, ನಿಮ್ಮ ತಮ್ಮನಿಗೆ ಹೀಗಂತೆ ಎಂದು ಈಗಲಾ, ಇಲ್ಲಿಯಾ. ನಜ್ಲಾ ಈಗ ಮುಖ ಮುಚ್ಚಿ ಅಳುತ್ತಿದ್ದಾಳೋ, ಬೇಡ ನನಗೆ ಎಂದು ಮಾಲೆ ತೆಗೆದು ಹಾಕಿದಳೋ, ಅವಳು ಅಂಥವಳೇ, ಚಿಕ್ಕಂದಿನಲ್ಲಿ ಬಾಪ ಶಾರ್ಜಾಕ್ಕೆ ಹೊರಡುವ ದಿನ ಅವರ ಚಪ್ಪಲಿ ಬಾವಿಗೆ ಹಾಕಿದವಳು. ಆಶಿಕ್! ಉಸ್ತಾದರೇ ಕರೆದರು, ಸ್ವರ ಏರಿಸದೆ, ಮೋನೇ, ಶುರು ಮಾಡುವನಾ?

ಒಂದೇ ನಿಮಿಷ ಉಸ್ತಾದ್. ಈ ಸಲ ಒಂದೊಂದೇ ಅಕ್ಷರ, ಡಿವೈಸ್, ಗಂಡಸರ ಕಡೆ, ಫೈಲ್, ಬಾಪ ಎರಡು, ಎರಡು, ಮತ್ತೊಮ್ಮೆ ನೋಡಿದೆ, ಎರಡೇ, ಯಾಕೆ ಹಾಕುತ್ತಿದ್ದೇನೆ ಗೊತ್ತಿಲ್ಲ, ಹಾಕದೆ ಇದ್ದರೆ ಏನು ಮಾಡಲಿ ಅದೂ ಗೊತ್ತಿಲ್ಲ, ಒತ್ತಿದೆ. ಬಂತು. ಎಷ್ಟು ಜೋರಾಗಿ ಬಂತು ಎಂದರೆ ಶಫೀಕ್ ಬೆಚ್ಚಿದ. ಅಸ್ಸಲಾಮು ಅಲೈಕುಂ, ನಾನು ಅಯ್ಯೂಬ್, ನಜ್ಲಾಳ ಬಾಪ, ಬರಲಿಕ್ಕೆ ಆಗದ್ದಕ್ಕೆ ಎಲ್ಲರೂ ಕ್ಷಮಿಸಬೇಕು, ಇಲ್ಲಿ ಅರಬಿ ರಜೆ ಕೊಡಲಿಲ್ಲ, ಬೇರೆ ಎಂತ ತೊಂದರೆಯೂ ಇಲ್ಲ, ಅಲ್ಲಾಹನ ದಯೆಯಿಂದ ಆರೋಗ್ಯವಾಗಿದ್ದೇನೆ. ಪರದೆ ಬರೀ ಬಟ್ಟೆ, ಆಚೆ ಕೇಳುತ್ತದೆ, ಚೆನ್ನಾಗಿ ಕೇಳುತ್ತದೆ, ಆಗಷ್ಟೇ ಅದನ್ನು ಕೇಳಿದ ಕಿವಿಗಳು ಈಗ ಇದನ್ನು ಕೇಳುತ್ತಿವೆ, ಆರೋಗ್ಯವಾಗಿದ್ದೇನೆ, ಬಾಪ ಸಾಕು, ಹೇಳಬೇಡಿ, ನನ್ನ ಮಗಳು ನಜ್ಲಾಳನ್ನು ಶಫೀಕನಿಗೆ ನಿಕಾಹ್ ಮಾಡಿಕೊಡಲಿಕ್ಕೆ ನನ್ನ ಅಣ್ಣ ಅಬ್ದುಲ್ ರಹ್ಮಾನರಿಗೆ ವಕಾಲತ್ ಕೊಟ್ಟಿದ್ದೇನೆ, ಎಲ್ಲರೂ ದುಆ ಮಾಡಿ. ಮುಗಿಯಿತು. ಕರ್ಸರ್ ಕೆಳಗೆ ಇಳಿಯಿತು. ಕಾಕ ಮೂಗು ಒರೆಸಿಕೊಂಡರು, ನನ್ನ ತಮ್ಮನ ಸ್ವರ ಎಷ್ಟು ಗಟ್ಟಿ ಉಂಟು ನೋಡಿ ಎಂದರು ಪಕ್ಕದವರಿಗೆ, ಎಲ್ಲರೂ ತಲೆಯಾಡಿಸಿದರು, ಉಸ್ತಾದ್ ಗಂಟಲು ಸರಿಮಾಡಿಕೊಂಡರು. ನಾನು ಬಾಪನಿಗೆ ಫೋನ್ ಹಚ್ಚಿದೆ, ಹೇಳಬೇಕು, ಉಮ್ಮ ಫೋನ್ ಮಾಡಿದರೆ ಎತ್ತಬೇಡಿ, ಇಲ್ಲ, ಎತ್ತಿ, ಇಲ್ಲ, ಮೊದಲು ನನ್ನ ಮಾತು ಕೇಳಿ, ತಪ್ಪು ನನ್ನದು, ಏನು ಹೇಳಬೇಕೋ ಅದು ಬಾಯಿಗೆ ಬರುವ ಮೊದಲೇ ಆ ಕಡೆ ಒಬ್ಬಳು ಅರಬಿಯಲ್ಲಿ ಏನೋ ಹೇಳಿದಳು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು, ನೀವು ಕರೆದವರು ಬೇರೊಬ್ಬರ ಜೊತೆ ಮಾತಿನಲ್ಲಿದ್ದಾರೆ. ಮತ್ತೆ ಮಾಡಿದೆ, ಮತ್ತೆ ಅವಳೇ. ಈ ಹೊತ್ತಿನಲ್ಲಿ ಬಾಪನ ಜೊತೆ ಯಾರು. ನಾನಿಲ್ಲಿದ್ದೇನೆ, ಕಾಕ ಇಲ್ಲಿದ್ದಾರೆ, ಊರಿಗೆ ಊರೇ ಈ ಹಾಲಿನಲ್ಲಿದೆ, ಬಾಪನಿಗೆ ಫೋನ್ ಮಾಡುವವರು ಇನ್ನು ಯಾರಿದ್ದಾರೆ.

ಹನಾನ್‌ನ ಮೆಸೇಜು, ಕೊನೆಗೂ, ನಜ್ಲಾ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿ ಅಲಂಕಾರ ಮಾಡಿಸಿಕೊಳ್ಳುತ್ತಿದ್ದಳು ಕೇಳಿಲ್ಲ, ನಾವೆಲ್ಲ ಕೇಳಿದೆವು, ಉಮ್ಮ ಎದ್ದು ನಿಂತು ಎಲ್ಲರಿಗೂ ಹೇಳಿದರು, ಅವಳಿಗೆ ಗೊತ್ತಾಗ್ಬಾರ್ದು, ಹಾಡಿ, ಜೋರಾಗಿ ಹಾಡಿ ಅಂತ, ಉಮ್ಮ ಈಗ ಇಲ್ಲಿ ಇಲ್ಲ. ಓದಿ ಮುಗಿಸುವ ಮೊದಲೇ ಶುರುವಾಯಿತು, ಪರದೆಯ ಆಚೆ, ಕೈತಾಳ, ಒಪ್ಪನೆ, ಶ್ರುತಿ ಇಲ್ಲ, ಒಬ್ಬೊಬ್ಬರದ್ದು ಒಂದೊಂದು ಸಾಲು, ಆದರೆ ಎಷ್ಟು ಜೋರು, ಗಂಟಲು ಹರಿಯುವ ಹಾಗೆ, ಉಸ್ತಾದ್ ಹುಬ್ಬೇರಿಸಿ ನಕ್ಕರು, ಹೆಂಗಸರಿಗೆ ಭಾರಿ ಖುಷಿ ಉಂಟು ಇವತ್ತು, ಗಂಡಸರೂ ನಕ್ಕರು, ನಾನೂ ನಕ್ಕೆನೋ ಏನೋ, ಮುಖ ಎಳೆದ ಹಾಗಾಯಿತು. ಉಮ್ಮ ಇಲ್ಲಿ ಇಲ್ಲ ಎಂದರೆ ಎಲ್ಲಿ, ಹೊರಗೆ ಹೋದರಾ, ಬಿದ್ದರಾ, ಯಾರಾದರೂ ಹಿಡಿದುಕೊಂಡಿದ್ದಾರಾ, ಕಾಕ ಶಫೀಕನ ಕೈ ಹಿಡಿದರು, ಹಾಲ್ ಸುಮ್ಮನಾಯಿತು, ಆಚೆ ಯಾರೋ ಶ್ ಎಂದಿರಬೇಕು, ಹಾಡೂ ತಗ್ಗಿತು, ಉಸ್ತಾದ್ ನಿಕಾಹ್‌ನ ಪ್ರವಚನ, ಖುತ್ಬಾ, ಶುರು ಮಾಡಿದರು, ನನ್ನ ಮೊಣಕಾಲಿಗೆ ಏನೋ ತಾಗಿತು, ಪರದೆ ಅಲ್ಲಾಡಿತು, ಅದರ ಅಡಿಯಿಂದ ಒಂದು ಕೈ. ಉಮ್ಮನ ಕೈ. ಮದರಂಗಿ ಹಚ್ಚಿದ್ದು, ಬೆರಳ ತುದಿ ಕಪ್ಪಾಗುವಷ್ಟು ಕೆಂಪು, ಆಚೆ ನೆಲದ ಮೇಲೆ ಕೂತಿದ್ದಾರೆ, ಕೈ ಮಾತ್ರ ಈಚೆ, ಕೈಯಲ್ಲಿ ಫೋನ್, ಫೋನಿನಲ್ಲಿ ಬೆಳಕು, ಬಾಪ ಎಂದು ನಜ್ಲಾ ಹಾಕಿಕೊಟ್ಟ ಹೆಸರು, ಕೆಳಗೆ ಮಾತಿನ ಹೊತ್ತು ಓಡುತ್ತಿದೆ. ಉಮ್ಮ, ಎಂದೆ. ಬಯ್ಯಲಿಲ್ಲವಾ ಉಮ್ಮ, ಅತ್ತರಾ, ಇಬ್ಬರೂ ಏನು ಮಾತಾಡಿಕೊಂಡರು, ಮಾತಾಡಿಕೊಂಡರಾ ಅಥವಾ ಸುಮ್ಮನೇ ಫೋನ್ ಹಿಡಿದರಾ, ನನಗೆ ಏನೂ ಗೊತ್ತಾಗುವುದಿಲ್ಲ, ಪರದೆಯ ಹಿಂದಿನ ಮುಖ ನನಗೆ ಕಾಣುವುದಿಲ್ಲ, ಕೈ ಮಾತ್ರ, ನಾನು ಬಗ್ಗಿ ಫೋನ್ ತೆಗೆದುಕೊಳ್ಳಲು ಹೋದೆ, ಬಿಡಲಿಲ್ಲ, ಬೆರಳು ಬಿಗಿಯಾಯಿತು, ನನಗೆ ಕೊಡಲಿಕ್ಕೆ ಚಾಚಿದ್ದಲ್ಲ ಅದು, ಫೋನನ್ನು ಉಸ್ತಾದರ ಕಡೆಗೆ ತಿರುಗಿಸಿ ಹಿಡಿದಿದ್ದಾರೆ, ತೋಳು ಎಷ್ಟು ಬರುತ್ತದೋ ಅಷ್ಟೂ ಚಾಚಿ, ಭುಜದ ತನಕ ನೆಲಕ್ಕೆ ಒತ್ತಿ, ಕಾಕ ಹೇಳುತ್ತಿದ್ದಾರೆ, ನನ್ನ ತಮ್ಮ ಅಯ್ಯೂಬನ ಮಗಳು ನಜ್ಲಾಳನ್ನು, ಫೋನಿನೊಳಗೆ ಯಾರೋ ಉಸಿರು ಎಳೆದರು, ಶಫೀಕ್ ಬಾಯಿ ತೆರೆದ, ಸ್ವೀಕರಿಸಿದ್ದೇನೆ ಎಂದ, ಕೈ ಕದಲಲಿಲ್ಲ, ದುಆ ಶುರುವಾಯಿತು, ಎಲ್ಲರೂ ಕೈ ಎತ್ತಿದರು, ನಾನೂ ಎತ್ತಬೇಕು, ಎತ್ತಲಾಗುವುದಿಲ್ಲ, ನನ್ನ ಕಣ್ಣು ಕೆಳಗೆ, ಆ ಕೈ, ಕೊಡದ ಕೈ, ಫೋನ್ ಬಿಗಿಹಿಡಿದ ಉಮ್ಮನ ಕೈ, ಇನ್ನೂ ಒಂದು ಬೆರಳಷ್ಟು ಮುಂದೆ ಬಂತು, ಅಲ್ಲೇ ನಿಂತಿತು.